ಚಿಂಚಿಲ್ಲಾಕ್ಕೆ ಜೊತೆ ತಂದ ಕಥೆ

ಒಂಟಿ ಜೀವಕ್ಕೆ ಜೊತೆ ಒದಗಿಸುವುದು ಪುಣ್ಯದ ಕೆಲಸ. ಅದರಲ್ಲಿ ಕಷ್ಟವೇನೂ ಇಲ್ಲವೆಂದು ನಾನು ನಂಬಿದ್ದೆ.

ನಮ್ಮ ಮನೆಯ ಒಂಟಿ ಜೀವ ಒಂದು ಚಿಂಚಿಲ್ಲಾ. ಇಲಿಯ ಮೋರೆ, ಮೊಲದ ಕಿವಿ, ಅಳಿಲಿನ ಬಾಲ, ಬೂದಿ ಬಣ್ಣದ ಮೆತ್ತನೆಯ ತುಪ್ಪಳ. ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲವದು. ನನ್ನ ಬಿಡಿಭಾಗಗಳ ಅಂಗಡಿಗೆ ಬರುತ್ತಿದ್ದ ಲಾರಿ ಮಾಲೀಕರೊಬ್ಬರು ಮಕ್ಕಳಿಗೆಂದು ಅದನ್ನು ಬೆಂಗಳೂರಿನಿಂದ ತಂದು, ಮಕ್ಕಳಿಗೆ ಬೇಸರವಾದಾಗ ನಮಗೆ ದಾಟಿಸಿದ್ದರು. ಚಳಿ ಬೆಟ್ಟದ ಪ್ರಾಣಿ, ಹೊಸಪೇಟೆಯ ಬಿಸಿಲಿಗೆ ಬದುಕುವುದಿಲ್ಲ ಎಂದು ಮಲಗುವ ಕೋಣೆಗೆ ಏಸಿ ಹಾಕಿಸಿದೆ. ನಮ್ಮಿಬ್ಬರಿಗೆಂದು ಎಂದೂ ಹಾಕಿಸಿರದ ಏಸಿ.

ಹೆಂಡತಿ ಶಶಿಕಲಾ ಅದಕ್ಕೆ ಬೂದೇಶ ಎಂದು ಹೆಸರಿಟ್ಟಳು. ಆಮೇಲೆ ಅವಳು ಆ ಕೋಣೆ ಬಿಟ್ಟು ಬರುವುದೇ ಅಪರೂಪವಾಯಿತು. ನಾನು ಊಟಕ್ಕೆ ಬಂದು ತಂಪಿನಲ್ಲಿ ಅವಳ ಪಕ್ಕ ಕೂತರೆ ಬೂದೇಶ ನನ್ನ ಬೆರಳು ಕಚ್ಚುತ್ತಿತ್ತು.

"ನೀವು ಹೊರಗ ಊಟ ಮಾಡ್ರಿ. ಪಾಪ, ಒಂಟಿ ಐತಿ, ಸಿಟ್ಟು ಬರ್ತೈತಿ," ಎನ್ನುತ್ತಿದ್ದಳು.

ಆಗ ನನ್ನ ತಲೆ ಓಡಿತು. ಬೂದೇಶನಿಗೆ ಜೊತೆ ಸಿಕ್ಕರೆ ಅದು ತನ್ನ ಪಾಡಿಗೆ ತಾನಿರುತ್ತದೆ. ಹೆಂಡತಿ ನನಗೆ ವಾಪಸ್ ಸಿಗುತ್ತಾಳೆ. ಏಸಿಯೂ ಸಿಗುತ್ತದೆ. ಬಾಯಲ್ಲಿ ಮಾತ್ರ ಪ್ರಾಣಿದಯೆಯ ಮಾತಾಡಿದೆ.

ಆ ದಿನಗಳಲ್ಲಿ ಒಬ್ಬ ಲಾರಿ ಮಾಲೀಕ ತಂದದ್ದನ್ನು ಇನ್ನೊಬ್ಬ ತರದೆ ಬಿಡುತ್ತಿರಲಿಲ್ಲ. ಸಂಡೂರಿನ ಮಾಲೀಕರೊಬ್ಬರ ಮನೆಯಲ್ಲಿ ಅಂಥದೇ ಬೂದಿ ಬಣ್ಣದ್ದು ಇತ್ತು. ನಾನು ಕೇಳಿ ಮುಗಿಸುವ ಮೊದಲೇ ಪಂಜರ ಸಮೇತ ನನ್ನ ಜೀಪಿಗೆ ಏರಿಸಿದರು.

"ಒಂದೇ ಸಲಕ್ಕ ಕೂಡಿಸಬ್ಯಾಡ್ರಿ. ಇವು ನೀರಾಗ ಅಲ್ಲ, ಧೂಳಾಗ ಜಳಕ ಮಾಡ್ತಾವು. ಮೊದ್ಲು ಒಂದೇ ಪುಡ್ಯಾಗ ಹೊರಳಾಡಿಸ್ರಿ. ವಾಸ್ನಿ ಒಂದಾತಂದ್ರ ಜಗಳ ಇಲ್ಲ," ಎಂದು ಹೇಳಿಕೊಟ್ಟರು.

ಮನೆ ಬಾಗಿಲಲ್ಲಿ ಅವ್ವ ಆರತಿ ಹಿಡಿದು ನಿಂತಿದ್ದಳು. "ಹೊಸಾ ಜೀವ ಮನಿ ತುಂಬಾಕ ಬಂದೈತಿ, ಹಂಗ ಒಳಗ ಕರ್ಕೊಂತಾರೇನಲೇ?" ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಸೊಸೆಯಾದವಳು ಅದನ್ನು ಕಾಲಿನಿಂದ ಉರುಳಿಸಿ ಒಳಗೆ ಬರಬೇಕು. ಈ ಸೊಸೆ, ಪಂಜರದಿಂದ ಎತ್ತಿಕೊಂಡ ನನ್ನ ಕೈಯಿಂದ ಜಿಗಿದು ಸೇರಿನೊಳಗೇ ಇಳಿಯಿತು. ಅದು ಗಂಡು ಎಂದು ಅವ್ವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಜಳಕದ ಪುಡಿಯ ಡಬ್ಬಿ ಖಾಲಿಯಾಗಿತ್ತು. "ಬೆಂಗಳೂರಿಂದ ತರಸ್ರಿ. ಅಲ್ಲೀತನಕ ಬ್ಯಾರೆ ಬ್ಯಾರೆ ಇರ್ಲಿ," ಎಂದಳು ಶಶಿಕಲಾ.

ನನಗೆ ಅವಮಾನವಾಯಿತು. ಹೊಸಪೇಟೆಯವನು ಧೂಳಿಗಾಗಿ ಬೆಂಗಳೂರಿಗೆ ಹೇಳಿಕಳಿಸಬೇಕೆ? ನಮ್ಮ ಮಾಳಿಗೆ ಗುಡಿಸಿದರೆ ಇಡೀ ಚಿಂಚಿಲ್ಲಾ ಕುಲಕ್ಕೆ ಸಾಲುವಷ್ಟು ಅದಿರಿನ ಕೆಂಪು ಧೂಳಿತ್ತು, ಅದೂ ಹೊರದೇಶದವರು ಹಡಗು ಕಳಿಸಿ ಒಯ್ಯುತ್ತಿದ್ದ ಮಾಲು. ಬುಟ್ಟಿ ತುಂಬ ಗುಡಿಸಿ ತಂದೆ. ಬೋಗುಣಿಗೆ ಸುರಿದು ಎರಡನ್ನೂ ಒಟ್ಟಿಗೆ ಇಳಿಸಿದೆ.

ವಾಸನೆ ಒಂದಾಯಿತೋ ಇಲ್ಲವೋ, ಬಣ್ಣವಂತೂ ಒಂದಾಯಿತು. ಎರಡೂ ಹಂಚಿನಂತೆ ಕೆಂಪಗಾಗಿ ಮೊದಲು ಸೀನಿದವು, ಆಮೇಲೆ ಒಂದರ ಮೇಲೊಂದು ಬಿದ್ದವು. ಬೋಗುಣಿ ಉರುಳಿತು. ಹಾಸಿಗೆ, ಗೋಡೆ, ಏಸಿ, ಶಶಿಕಲಾಳ ಹೊಸ ಇಳಕಲ್ ಸೀರೆ, ಎಲ್ಲವೂ ಗಣಿಯ ಬಣ್ಣಕ್ಕೆ ತಿರುಗಿದವು. ಬಿಡಿಸಲು ಹೋದ ನಾನು ಧೂಳಿನ ಮೇಲೆ ಜಾರಿ ಮಂಚದ ಕೆಳಗೆ ಸೇರಿದೆ. ಟವೆಲ್ಲು ಎಸೆದು ಎರಡನ್ನೂ ಬೇರೆ ಮಾಡಿದವಳು ಶಶಿಕಲಾ.

"ಇದ್ರಾಗ ನನ್ನ ಬೂದೇಶ ಯಾವುದ್ರೀ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

"ತಡಿ. ಬೂದೇಶ ನನ್ನ ಕಚ್ಚತೈತಿ, ಇನ್ನೊಂದಕ್ಕ ನನ್ನ ಗುರ್ತಿಲ್ಲ," ಎಂದು ಬೆರಳು ಚಾಚಿದೆ.

ಎರಡೂ ಕಚ್ಚಿದವು.

ನೀರು ಹಾಕಿ ತೊಳೆಯುವಂತೆಯೂ ಇರಲಿಲ್ಲ. ಬೆಂಗಳೂರಿನ ಪುಡಿ ಬಂದು ಕೆಂಪು ಇಳಿದ ಮೇಲೆ ಬೂದೇಶನ ಕಿವಿಯ ಮಚ್ಚೆ ಕಾಣಿಸಿತು, ಶಶಿಕಲಾ ಅದನ್ನು ಎದೆಗೆ ಅವಚಿಕೊಂಡಳು. ಆದರೆ ಜಗಳ ತೀರಲಿಲ್ಲ. ಕೋಣೆಯಲ್ಲಿ ಬಿಟ್ಟರೆ ಒಂದು ಆ ಮೂಲೆ, ಇನ್ನೊಂದು ಈ ಮೂಲೆ. ಒಬ್ಬರು ಬಾಗಿಲು ತೆರೆದಾಗ ಮಾತ್ರ ಎರಡೂ ಓಡಿಹೋಗಿ ಒಂದೇ ಮೂಲೆಯಲ್ಲಿ ಮೈಗೆ ಮೈ ಒತ್ತಿ ಕೂರುತ್ತಿದ್ದವು. ಆ ಒಬ್ಬರು ನಾನೇ. ಬೇರೆ ಯಾರು ಬಂದರೂ ಅವುಗಳಿಗೆ ಭಯವಿರಲಿಲ್ಲ.

ಇದನ್ನು ಶಶಿಕಲಾ ಜಲ್ದಿ ಗಮನಿಸಿದಳು. "ಅಂಗಡಿಯಿಂದ ಬಂದ ಕೂಡ್ಲೆ ಚೂರು ಒಳಗ ಬಂದು ನಿಂದರ್ರಿ. ಒಂದಾಗ್ಲಿ," ಎಂದು ದಿನಾ ಕರೆಯತೊಡಗಿದಳು. ನಾನು ಹೋಗಿ ನಿಲ್ಲುತ್ತಿದ್ದೆ. ಏಸಿಯ ಗಾಳಿ ಬೆವರಿಗೆ ತಾಕಿ ಹಿತವೆನಿಸುತ್ತಿತ್ತು. ಎರಡೂ ಅಂಟಿಕೊಂಡು ಕೂತದ್ದು ಖಾತ್ರಿಯಾದ ಮೇಲೆ ಅವಳು ಎದ್ದು ಬರುತ್ತಿದ್ದಳು.

"ಆತು, ಇನ್ನ ಹೊರಗ ಕುಂದರ್ರಿ. ತಂಪು ಹೊರಗ ಹೋಗ್ತೈತಿ," ಎಂದು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದಳು.