ತಪ್ಪೆಲ್ಲ ನಗಿಸುವ ಗ್ಯಾಸಿನದು

ಬೀಚನಹಳ್ಳಿ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ನೀರಿನ ಭಯವಿಲ್ಲ. ಗೇಟು ತೆರೆದಾಗ ಎಲ್ಲರೂ ಹಿಂದೆ ಸರಿದರೆ ನಾನು ಕಂಬಿ ಹಿಡಿದು ಬಗ್ಗಿ ನೋಡುತ್ತೇನೆ. ಆದರೆ ಸೂಜಿ ಎಂದರೆ, ಅದು ನನ್ನ ಹೆಂಡತಿ ಸುನಂದಾ ಗುಂಡಿ ಹೊಲಿಯುವ ಸೂಜಿಯಾದರೂ ಸರಿ, ಎದ್ದು ಪಕ್ಕದ ಕೋಣೆಗೆ ಹೋಗುತ್ತೇನೆ. ಹೀಗಾಗಿ ಬಲಗಡೆಯ ದವಡೆಹಲ್ಲು ಹುಳುಕಾದಾಗ ಎಂಟು ತಿಂಗಳು ಲವಂಗ ಕಚ್ಚಿಕೊಂಡೇ ಕಾಲ ತಳ್ಳಿದೆ. ನಾನು ಕಚೇರಿಗೆ ಕಾಲಿಟ್ಟರೆ ಯಾರೋ ಪಲಾವ್ ತಂದಿದ್ದಾರೆಂದು ತಲೆಯೆತ್ತಿ ನೋಡುವವರಿದ್ದರು.

ಹುಣಸೂರಿನಲ್ಲಿ ಒಬ್ಬ ಡಾಕ್ಟರಮ್ಮ ನಗಿಸುವ ಗ್ಯಾಸ್ ಕೊಟ್ಟು ಹಲ್ಲು ಕೀಳುತ್ತಾರೆಂದು ಸುನಂದಾ ಪತ್ತೆ ಮಾಡಿದಳು. ಗ್ಯಾಸು ಹೆದರಿಕೆಗೆ ಮಾತ್ರ, ವಸಡು ಮರಗಟ್ಟಿಸಲು ಸೂಜಿ ಬೇಕೇ ಬೇಕು ಎಂಬ ಸಂಗತಿಯನ್ನು ಅವಳು ನನ್ನಿಂದ ಮುಚ್ಚಿಟ್ಟಳು. ನಾನು ಹುಣಸೂರೆಂದರೆ ಹಿಂಜರಿಯಲು ಇನ್ನೊಂದು ಕಾರಣವೂ ಇತ್ತು. ನನ್ನ ಅಣ್ಣ ಅಲ್ಲೇ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ. ನಮಗೆ ಮಾತು ನಿಂತು ಎರಡು ವರ್ಷವಾಗಿತ್ತು. ಜಮೀನಿನ ಜಗಳವಾಗಿದ್ದರೆ ಹೇಳಿಕೊಳ್ಳಲಾದರೂ ಒಂದು ಘನತೆ ಇರುತ್ತಿತ್ತು. ಅವನ ಮಗಳ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ನನ್ನ ಹೆಸರು ಏಳನೆಯದಾಗಿತ್ತು. ಅತ್ತಿಗೆಯ ತಮ್ಮಂದಿರೆಲ್ಲ ನನಗಿಂತ ಮೇಲೆ. ಒಡಹುಟ್ಟಿದವನು ಏಳನೆಯವನೇ? ಮದುವೆಗೆ ಹೋದೆ, ಅಕ್ಷತೆ ಹಾಕಿದೆ, ಊಟ ಮಾಡದೆ ಬಂದೆ.

ಕುರ್ಚಿಯಲ್ಲಿ ಒರಗಿಸಿ ಮೂಗಿಗೆ ಮುಖವಾಡದಂಥದ್ದನ್ನು ಹಾಕಿದರು. ಏನೋ ಸಿಹಿ ವಾಸನೆ. ಬೆರಳ ತುದಿ ಜುಮ್ಮೆಂದಿತು, ಕುರ್ಚಿ ನೆಲ ಬಿಟ್ಟಂತಾಯಿತು. ಸೂಜಿ ಬಂತು. ನೋಡಿದೆ. ಯಾರದೋ ಬಾಯಿಗೆ ಹೋಗುತ್ತಿದೆ ಎನಿಸಿತೇ ವಿನಾ ಭಯವಾಗಲಿಲ್ಲ. ಆಗ ಎಲ್ಲಿಂದಲೋ ಆ ಲಗ್ನಪತ್ರಿಕೆ ನೆನಪಾಗಿ ನಗು ಉಕ್ಕಿತು. "ಏಳನೇದು ಮೇಡಂ, ಏಳನೇದು" ಎಂದು ಹೊಟ್ಟೆ ಹಿಡಿದು ನಕ್ಕೆ. ನಾನು ಹಲ್ಲನ್ನು ಎಣಿಸುತ್ತಿದ್ದೇನೆಂದು ತಿಳಿದ ಡಾಕ್ಟರಮ್ಮ, ಒಂದೇ ಕೀಳುವುದೆಂದು ಸಮಾಧಾನ ಹೇಳಿದರು.

ಹಲ್ಲು ಬಂತು. ಸ್ವಲ್ಪ ಹೊತ್ತು ಆಮ್ಲಜನಕ ಕೊಟ್ಟು, ಹತ್ತಿ ಕಚ್ಚಿಸಿ ಹೊರಗೆ ಕೂರಿಸಿದರು. ಸುನಂದಾ ಮಾತ್ರೆಯನ್ನೂ ಡಾಕ್ಟರಮ್ಮ ತಿನ್ನಲು ಹೇಳಿದ ಐಸ್‌ಕ್ರೀಮನ್ನೂ ತರಲು ಹೋದಳು. ಅರ್ಧ ಗಂಟೆ ಸುಮ್ಮನೆ ಕುಳಿತಿದ್ದವನು ಫೋನು ತೆಗೆದು ಅಣ್ಣನ ನಂಬರು ಒತ್ತಿಬಿಟ್ಟೆ. "ಅಣ್ಣ, ನಾನು" ಎಂದದ್ದು ಮರಗಟ್ಟಿದ ಬಾಯಿಂದ ಯಾವ ಭಾಷೆಯಲ್ಲಿ ಹೊರಟಿತೋ. ಅವನ ದನಿ ಕೇಳಿ ನನಗೆ ಅಳುವೂ ಬಂತು. ಅಷ್ಟರಲ್ಲಿ ಬಂದ ಸುನಂದಾ ಫೋನು ಕಿತ್ತುಕೊಂಡು, ಹುಣಸೂರಿನ ಆಸ್ಪತ್ರೆಯಲ್ಲಿದ್ದೇವೆ ಭಾವ ಎಂದು ಬೀದಿಯ ಗುರುತು ಹೇಳಿದಳು. ಹಲ್ಲಿನ ಆಸ್ಪತ್ರೆ ಎನ್ನುವ ಮೊದಲೇ ಅವನು ಫೋನಿಟ್ಟಿದ್ದ.

ಇಪ್ಪತ್ತು ನಿಮಿಷಕ್ಕೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಹಿಂದಿನಿಂದ ಅಣ್ಣ ಇಳಿದ. ಸೊಪ್ಪು ಮುರಿಯುತ್ತಿದ್ದವನು ಹಾಗೇ ಬಂದಿದ್ದ. ಕೈಯೆಲ್ಲ ಎಲೆಯ ಕಪ್ಪು ಅಂಟು. ತಮ್ಮನಿಗೆ ಲಕ್ವ ಹೊಡೆದಿದೆ ಎಂದೇ ಅವನ ಲೆಕ್ಕ. ನನ್ನೆದುರು ಕುಕ್ಕರುಗಾಲಲ್ಲಿ ಕುಳಿತು, "ಕೈ ಎತ್ಲಾ, ನೋಡಾನ" ಎಂದ. ಎತ್ತಿದೆ. ಕೈಯಲ್ಲಿ ಐಸ್‌ಕ್ರೀಮಿನ ಚಮಚವಿತ್ತು.

ಅವನು ಚಮಚವನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ನನಗೆ ಮಾನ ಉಳಿಸಿಕೊಳ್ಳಬೇಕಿತ್ತು. ಎಲ್ಲ ಆ ಗ್ಯಾಸಿನ ಕೆಲಸ, ನಾನಾಗಿ ಫೋನ್ ಮಾಡಿದ್ದಲ್ಲ ಎಂದು ತೊದಲಿದೆ. ಬಾಗಿಲಲ್ಲಿದ್ದ ಡಾಕ್ಟರಮ್ಮ ಸುಮ್ಮನಿರಬಹುದಿತ್ತು. "ಇಲ್ಲ ಸರ್, ಗ್ಯಾಸ್ ಐದೇ ನಿಮಿಷಕ್ಕೆ ಇಳಿದುಹೋಗುತ್ತೆ. ನೀವು ಅರ್ಧ ಗಂಟೆ ಆದ್ಮೇಲೆ ಮಾಡಿದ್ದು" ಎಂದರು. ಓದಿದವರ ಜೊತೆ ಇದೇ ಕಷ್ಟ. ಸುನಂದಾ ಸಿಕ್ಕಿದ್ದೇ ಸಮಯವೆಂದು ಏಳನೆಯ ಹೆಸರಿನ ಕಥೆಯನ್ನೂ ಬಿಚ್ಚಿಟ್ಟಳು.

ಅಣ್ಣ ಬೆಪ್ಪಾದ. "ಏಳ್ನೇದಾ? ನಾ ಅದ ಓದ್ನೇ ಇಲ್ಲ ಕಣ್ಲಾ. ಪ್ರೆಸ್ಸಿನೋನು ಎಂಗ್ ಆಕುದ್ನೋ" ಎಂದವನೇ, "ನೀ ಉಣ್ದೆ ಒಂಟೋದೆ ಅಂತ ನಾನೂ ಅವತ್ತು ಉಣ್ನಿಲ್ಲ" ಎಂದ. ಕರಗುತ್ತಿದ್ದ ಐಸ್‌ಕ್ರೀಮನ್ನು ಅವನ ಕಡೆ ಚಾಚಿದೆ. ಕೈ ಅಂಟಾಗಿದೆ ಎಂದ. ಹಾಗಾಗಿ ಹುಣಸೂರಿನ ಜನ ನೋಡುತ್ತಿರುವಂತೆಯೇ, ಅರವತ್ತು ದಾಟಿದ ಅಣ್ಣನಿಗೆ ನಾನೇ ಎರಡು ಚಮಚ ತಿನ್ನಿಸಿದೆ.

ಇಷ್ಟಾದರೂ ಕಚೇರಿಯಲ್ಲಿ ನಾನು ಹೇಳುವುದು ಗ್ಯಾಸಿನ ಕಥೆಯನ್ನೇ. ಐದು ನಿಮಿಷದ ವಿಷಯ ಎತ್ತುವುದಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಅಣ್ಣನನ್ನು ನೋಡಬೇಕೆನಿಸಿತು. ಬಾಯಿಬಿಟ್ಟು ಹಾಗೆಂದು ಹೇಳಲು ನಾಚಿಕೆಯಾಗಿ, ಹಲ್ಲು ನೋಯುತ್ತಿದೆ, ಹುಣಸೂರಿಗೆ ಹೋಗಿ ಬರುತ್ತೇನೆಂದೆ. ಯಾವ ಹಲ್ಲು ಎಂದು ಕೇಳಿದಳು ಸುನಂದಾ. ಗಡಿಬಿಡಿಯಲ್ಲಿ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹಲ್ಲೇ ಇರಲಿಲ್ಲ.