ನಾಲ್ಕು ತಾಲೂಕಿನಲ್ಲಿ ತೆರೆಯದ ಬಾಗಿಲು

ಬೇಸಿಗೆ ಬಂತೆಂದರೆ ಬೇರೆಯವರ ಮನೆಗೆ ಮಾವಿನಹಣ್ಣು ಬರುತ್ತದೆ, ನನ್ನ ಮನೆಗೆ ನಾಟಕ ಬರುತ್ತದೆ. ಬೇಡ ಅಂದರೂ ಬರುತ್ತದೆ. ಬಂದ ಮೇಲೆ ಏನಾದರೂ ಒಂದು ಆಗಿಯೇ ತೀರುತ್ತದೆ. ಇಷ್ಟು ವರ್ಷವಾಯಿತಲ್ಲ, ಆಗುವುದೆಲ್ಲ ಆಗಿ ಮುಗಿದಿರಬೇಕು ಅಂದುಕೊಂಡಾಗಲೇ ಹೊಸದೊಂದು ಎದುರಿಗೆ ನಿಂತಿರುತ್ತದೆ. ನೋಡಿದವರು ನಗುತ್ತಾರೆ. ನನಗೆ ಮಾತ್ರ ಸೊಂಟ ನೋವು.

ನಾನು ದಾಂಡೇಲಿಯಲ್ಲಿ ಟೇಲರ್. ಏಪ್ರಿಲ್, ಮೇ ಅಂದರೆ ಒಂದು ಕಡೆ ಮದುವೆ ಬಟ್ಟೆ, ಇನ್ನೊಂದು ಕಡೆ ಶಾಲೆಯ ಯೂನಿಫಾರ್ಮು. ಬೆಳಗಿನಿಂದ ಅಂಗಡಿಯ ಬಾಗಿಲಲ್ಲಿ ಒಬ್ಬರಲ್ಲ ಒಬ್ಬರು ನಿಂತು “ಮಾಸ್ತರ, ಆತೇನ್ರಿ?” ಅನ್ನುವುದು, ನಾನು ತಲೆ ಎತ್ತದೆ “ನಾಳೆ ಬರ್ರಿ” ಅನ್ನುವುದು. ಇದರ ನಡುವೆಯೇ ನಾಟಕ. ಮೊದಲು ವೇಷದ ಬಟ್ಟೆ ಹೊಲಿಯಲು ಕರೆದರು. ಆಮೇಲೆ ಪರದೆಯ ಹಿಂದೆ ಕೂತು ಮಾತು ಎತ್ತಿಕೊಡಲು ಹೇಳಿದರು. ಕೊನೆಗೆ “ಒಂದು ನಾಟಕ ನೀವ ಬರದು ಕೊಡ್ರಿ” ಅಂದರು. ಬರೆದೆ. ಅಲ್ಲಿಗೆ ನನ್ನ ಬೇಸಿಗೆಗಳೆಲ್ಲ ಮುಗಿದವು.

ಕಥೆ ದೊಡ್ಡದೇನಲ್ಲ. ತಮ್ಮ ಮಾಡಿದ ಕಳ್ಳತನವನ್ನು ಅಣ್ಣ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ತಮ್ಮ ಒಂದು ಸಲವೂ ಅವನನ್ನು ನೋಡಲು ಹೋಗುವುದಿಲ್ಲ. ಶಿಕ್ಷೆ ಮುಗಿಸಿ ಬಂದ ಅಣ್ಣ ಮನೆಯ ಬಾಗಿಲು ಬಡಿಯುತ್ತಾನೆ. ಒಳಗೆ ತಮ್ಮ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ. ಬಾಗಿಲು ತೆಗೆಯುತ್ತಾನೋ, ಇಲ್ಲವೋ? ಅದೇ ಕಡೇ ದೃಶ್ಯ. ಅದನ್ನು ಬರೆಯುವಾಗ ನಾನು ಅತ್ತಿದ್ದೆ. ಪಕ್ಕದಲ್ಲಿದ್ದ ಯಾರದೋ ರೇಷ್ಮೆ ರವಿಕೆಯ ಮೇಲೆ ಕಣ್ಣೀರಿನ ಕಲೆ ಬಿದ್ದು ಹೆಂಡತಿಯಿಂದ ಬೈಸಿಕೊಂಡಿದ್ದೆ. ನಾನು ಬರೆದದ್ದರಲ್ಲಿ ಒಳ್ಳೆಯದು ಅಂತ ಏನಾದರೂ ಇದ್ದರೆ ಆ ಒಂದು ದೃಶ್ಯ. ಅದನ್ನೇ ಇದುವರೆಗೆ ಒಬ್ಬರೂ ನೋಡಿಲ್ಲ.

ಆ ದೃಶ್ಯಕ್ಕಾಗಿ ಒಂದು ಬಾಗಿಲು ಮಾಡಿಸಿದ್ದೆ. ಪ್ಲೈವುಡ್ಡಿನದು. ಬೋರ್ಡು ಬರೆಯುವ ಪೇಂಟರ್ ಅದಕ್ಕೆ ಥೇಟ್ ಸಾಗವಾನಿಯ ಬಣ್ಣ ಬಳಿದು, ಗೆರೆ ಗಂಟು ಎಲ್ಲ ಬರೆದುಕೊಟ್ಟಿದ್ದ. ನನ್ನ ಹೆಂಡತಿಗೆ ಆ ಬಾಗಿಲು ಕಂಡರೆ ಆಗದು. “ನಮ್ಮ ಬಚ್ಚಲಕ್ಕ ಹರಕ ಪರದೆ, ನಿಮ್ಮ ನಾಟಕಕ್ಕ ಹೊಸಾ ಬಾಗಲಾ” ಅನ್ನುತ್ತಾಳೆ. ಕಡೇ ದೃಶ್ಯ ಒಂದು ಸಲ ಆಗಿಬಿಡಲಿ, ಮರುದಿನವೇ ಅದನ್ನು ಬಚ್ಚಲಿಗೆ ಹಾಕಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಎದುರು ಮನೆಯ ಅಜ್ಜಿಯೂ ಇದರಲ್ಲಿ ಸೇರಿದ್ದಾಳೆ. ನಾಟಕ ಯಾವ ಊರಿಗೆ ಹೋದರೂ ನಮ್ಮ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಬರುತ್ತಾಳೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ: “ಮಾಸ್ತರ, ಅಂವ ಬಾಗಲಾ ತೆಗದನೇನಪಾ?” ನಾನು ಹೇಳುತ್ತಿರಲಿಲ್ಲ. “ಮುಂದಿನ ಸಲ ನೋಡ್ರಿ, ಆಯಿ” ಅನ್ನುತ್ತಿದ್ದೆ.

೧. ಜೈಲಿನಲ್ಲಿ ಆಹೇರಿ

ಅಣ್ಣನ ಪಾತ್ರ ಮಾಡುವವನು ಹಳಿಯಾಳದ ಕಿರಾಣಿ ಅಂಗಡಿಯವನು. ಸ್ವಂತ ಊರಲ್ಲಿ ಅವನಿಗೆ ನೆಂಟರು ಬಹಳ. ನಮ್ಮ ಕಡೆ ನಾಟಕ ನಡೆಯುವಾಗಲೇ ನೆಂಟರು ಸ್ಟೇಜ್ ಹತ್ತಿ ಪಾತ್ರಧಾರಿಗೆ ರುಮಾಲು ಸುತ್ತಿ, ಹಾರ ಹಾಕಿ ಆಹೇರಿ ಮಾಡುತ್ತಾರೆ. ಬೇಡ ಅನ್ನುವ ಹಾಗಿಲ್ಲ, ಸಂಬಂಧ ಕೆಡುತ್ತದೆ. ಹಳಿಯಾಳದಲ್ಲಿ ಎಲ್ಲರೂ ಸರಿಯಾಗಿ ಜೈಲಿನ ದೃಶ್ಯಕ್ಕೇ ಕಾದಿದ್ದರು. ಅಣ್ಣ ಕಂಬಿಯ ಹಿಂದೆ ನಿಂತು “ನನಗೆ ಈ ಲೋಕದಲ್ಲಿ ಯಾರೂ ಇಲ್ಲ” ಅಂದ. ಅಷ್ಟರಲ್ಲಿ ಅವನ ಸೋದರಮಾವ ಹಾರ ಹಿಡಿದು ಬಂದ.

ಪೊಲೀಸ್ ವೇಷದವನು ಬೀಗ ತೆಗೆದ. ಮಾವ ರುಮಾಲು ಸುತ್ತಿದ. ಪೊಲೀಸ್ ಬೀಗ ಹಾಕಿದ. ಅಣ್ಣ ಮತ್ತೆ “ಯಾರೂ ಇಲ್ಲ” ಅಂದ. ಬೀಗರು ಬಂದರು. ಆಮೇಲೆ ಕಾಳಿನ ವ್ಯಾಪಾರಸ್ಥರು, ಆಮೇಲೆ ಅಂಗಡಿಯ ಓಣಿಯವರು. ಕಡೆಗೆ ಗರಡಿಯ ಪೈಲ್ವಾನರು ಬಂದರು. ಅವರ ಮೈಗೆ ಜೈಲಿನ ಬಾಗಿಲು ಸಾಲಲಿಲ್ಲ. ಸುಮ್ಮನೆ ಜೈಲನ್ನೇ ಎತ್ತಿ ಬದಿಗಿಟ್ಟು ಹಾರ ಹಾಕಿ, ಹೋಗುವಾಗ ಪುನಃ ತಂದು ಇಟ್ಟುಹೋದರು.

ಇಷ್ಟಾಗುವಷ್ಟರಲ್ಲಿ ಮೈಕ್ ಬಂದ್ ಮಾಡುವ ಹೊತ್ತಾಯಿತು. ನಿಜವಾದ ಪೊಲೀಸರು ಬಂದು ಸಾಕು ಅಂತ ಕೈಸನ್ನೆ ಮಾಡಿದರು. ಅಣ್ಣ ಓಡಿಬಂದು ಬಾಗಿಲು ಬಡಿದದ್ದಷ್ಟೇ, ಪರದೆ ಬಿತ್ತು.

ಟೆಂಪೋದಲ್ಲಿ ಅಜ್ಜಿ ಕೇಳಿದಳು: “ಇಷ್ಟು ಬಳಗ ಇದ್ದಂವ ಆ ತಮ್ಮನ ಮನಿಗೆ ಯಾಕ ಹೋಗ್ತಾನಪಾ?”

೨. ಜವಾಬ್ದಾರಿಯ ಬಾಗಿಲು

ಮರುವರ್ಷ ಜೋಯಿಡಾ. ಅಲ್ಲಿ ನಮ್ಮವರ ನೆಂಟರಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡಿದ್ದೆ. ದಾರಿಯಲ್ಲಿ ಅರಣ್ಯ ಇಲಾಖೆಯ ತಪಾಸಣೆ ನಾಕೆಯ ಗಾರ್ಡ್ ಟೆಂಪೋ ನಿಲ್ಲಿಸಿದ. ಬಾಗಿಲಿನ ಮೇಲೆ ಕೈ ಆಡಿಸಿದ.

“ಸಾಗವಾನಿ ಬಾಗಲಾ ಐತಿ. ಪಾಸ್ ತೋರಸ್ರಿ.”

“ಸಾಗವಾನಿ ಅಲ್ರಿ, ಬರೇ ಬಣ್ಣ.”

“ಎಲ್ಲಾರೂ ಹಂಗ ಅಂತಾರ. ಯಾರ ಮನಿಗೆ ಒಯ್ಯಾಕ ಹತ್ತೀರಿ?”

“ಮನಿ ಇಲ್ರಿ, ಬಾಗಲಾ ಅಷ್ಟ.”

ಹೇಳಿದ ಮೇಲೆ ನನಗೇ ಅದು ಕಳ್ಳನ ಮಾತಿನ ಹಾಗೆ ಕೇಳಿಸಿತು. ಸಾಹೇಬರು ಬಂದು ನೋಡುವ ತನಕ ಬಾಗಿಲು ಬಿಡುವಂತಿಲ್ಲ ಅಂದ. ಸಾಹೇಬರು ಎಲ್ಲೋ ಕಾಡಿನ ಒಳಗಿದ್ದರು, ಫೋನು ಹತ್ತುತ್ತಿರಲಿಲ್ಲ. ನಾನು ಕೈಮುಗಿದೆ. ಅಜ್ಜಿ ಅವನ ಗಲ್ಲ ಸವರಿದಳು. ಅವನು ಕಲ್ಲಿನಂಥ ಮನುಷ್ಯನೇನಲ್ಲ. “ಬಾಗಲಾ ತಗೊಂಡ ಹೋಗ್ರಿ. ಆದರ ಜವಾಬ್ದಾರಿ ನಂದು, ನಾನೂ ಜೋಡಿ ಬರ್ತೇನಿ” ಅಂದು ಇನ್ನೊಬ್ಬನನ್ನು ನಾಕೆಯಲ್ಲಿ ಕೂರಿಸಿ ಟೆಂಪೋ ಹತ್ತಿದ.

ಜೋಡಿ ಬರುವುದೆಂದರೆ ಇಷ್ಟು ಜೋಡಿ ಅಂತ ನನಗೆ ಗೊತ್ತಿರಲಿಲ್ಲ. ಬಾಗಿಲನ್ನು ಸ್ಟೇಜಿನ ಮೇಲೆ ನಿಲ್ಲಿಸಿದಾಗ ಅವನೂ ಅದರ ಪಕ್ಕ ಖಾಕಿಯಲ್ಲಿ ನಿಂತ. ಒಂದು ಕೈ ಚೌಕಟ್ಟಿನ ಮೇಲೆ. ಜನ ಇವನದೂ ಒಂದು ಪಾತ್ರ ಅಂದುಕೊಂಡರು. ಕೊಂಕಣಿಯಲ್ಲಿ ಅವನ ಹೆಸರು ಹಿಡಿದು ಕೂಗಿದರು. ಅವನು ಅಲುಗಲಿಲ್ಲ. ನಾಟಕ ಚೆನ್ನಾಗಿ ಸಾಗಿತು, ಹೊತ್ತೂ ಇತ್ತು. ಈ ಸಲ ಕಡೇ ದೃಶ್ಯ ಆಗಿಯೇ ಆಗುತ್ತದೆ ಅಂತ ಪರದೆಯ ಹಿಂದೆ ಎದ್ದು ನಿಂತೆ. ಅಣ್ಣ ಬಂದ. ಬಾಗಿಲು ಬಡಿದ. “ತಮ್ಮಾ, ಬಾಗಿಲು ತೆಗಿ” ಅಂದ.

ಗಾರ್ಡ್ ಅವನ ಕೈ ಹಿಡಿದು ಹೇಳಿದ: “ಸಾಹೇಬರು ಬರೂತನಕ ಯಾರೂ ತೆಗಿಯಂಗಿಲ್ಲ.”

೩. ಕಂಬದ ಮೇಲಿನ ಪ್ರೇಕ್ಷಕರು

ಅಂಬಿಕಾನಗರದ್ದು ಸಣ್ಣ ಕಥೆ. ಅಣ್ಣ ಬಾಗಿಲು ಬಡಿಯುವುದಕ್ಕೂ, ಗಾಳಿ ಎದ್ದು ಎಲ್ಲೋ ಮರದ ಕೊಂಬೆ ತಂತಿಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಕತ್ತಲಾಯಿತು. ಅದೇನು ದೊಡ್ಡದಲ್ಲ, ಕಾಯೋಣ ಅಂದೆ. ಆದರೆ ಅದು ಕರೆಂಟು ತಯಾರಿಸುವ ಊರು, ನಾಟಕ ನೋಡಲು ಬಂದವರೆಲ್ಲ ಕರೆಂಟಿನ ಕೆಲಸದವರು. ಒಬ್ಬರಿಗೂ ಕೂರುವ ತಾಳ್ಮೆ ಇಲ್ಲ. ಟಾರ್ಚು, ಏಣಿ ಹಿಡಿದು ಗಂಡಸರು ಪೂರ್ತಿ ಎದ್ದುಹೋದರು. ಅವರಿಗೆ ಬೆಳಕು ತೋರಿಸಲು ಮನೆಯವರೂ ಹೋದರು. ಹಾಗೆ ಎಲ್ಲರೂ ಸೇರಿದ್ದರಿಂದ ಕರೆಂಟು ಬೇಗ ಬಂತು. ದೀಪ ಹತ್ತಿತು, ಮೈಕ್ ಕಿರ್ ಅಂತು, ತಮ್ಮ ಮಂಚದಿಂದ ಏಳಲು ತಯಾರಾಗಿ ನನ್ನ ಮುಖ ನೋಡಿದ. ಎದುರಿಗೆ ಬರೀ ಕುರ್ಚಿಗಳು. ಕಂಬದಿಂದ ಇಳಿದವರು ಹಾಗೇ ಮನೆಗೆ ಹೋಗಿದ್ದರು. ಅಜ್ಜಿಯೊಬ್ಬಳು ಇದ್ದಳು, ಅವಳೂ ನಿದ್ದೆ ಹೋಗಿದ್ದಳು.

೪. ಪಾಳಾದ ತೀರ್ಪು

ಮುಂಡಗೋಡದ ಕಡೆ ಜನ ನಾಟಕವನ್ನು ಮನಸ್ಸಿಟ್ಟು ನೋಡುತ್ತಾರೆ. ಅಲ್ಲಿಯ ಪಾಳಾ ಎಂಬ ಊರಲ್ಲಿ ಬಹಳ ಮನಸ್ಸಿಟ್ಟರು. ಅಣ್ಣ ಬಾಗಿಲು ಬಡಿದು ನಿಂತಾಗ ತಮ್ಮ ಮಂಚದ ಮೇಲೆ ಸುಮ್ಮನೆ ಕೂರಬೇಕು, ಅದು ನಾನು ಬರೆದ ಮೌನ. ಆ ಮೌನದಲ್ಲಿ ಹೆಂಗಸರ ಕಡೆಯಿಂದ ಒಬ್ಬಳು ಕೂಗಿದಳು: “ತೆಗಿಯೋ, ಅಣ್ಣ ಅದಾನ!” ಗಂಡಸರ ಕಡೆಯಿಂದ ಒಬ್ಬ: “ತೆಗೀಬ್ಯಾಡ! ಒಳಗ ಬಂದ್ರ ಹೊಲದಾಗ ಪಾಲು ಕೇಳ್ತಾನ!”

ಅಷ್ಟೇ ಸಾಕಾಯಿತು. ಊರಲ್ಲಿ ಆಗಲೇ ಅಂಥದ್ದೊಂದು ತಕರಾರು ಇತ್ತಂತೆ, ನಮಗೇನು ಗೊತ್ತು? ಜನ ಎದ್ದು ನಿಂತರು. ಕೂಗಾಟ ಜೋರಾದಾಗ ಊರಿನ ಹಿರಿಯರು ಮೂವರು ಸ್ಟೇಜ್ ಹತ್ತಿದರು. ಅಣ್ಣತಮ್ಮ ಇಬ್ಬರನ್ನೂ ಮಂಚದ ಮೇಲೆ ಅಕ್ಕಪಕ್ಕ ಕೂರಿಸಿದರು. ನಾನು ಓಡಿಹೋಗಿ “ಯಜಮಾನ್ರ, ಇದು ನಾಟಕ ಐತ್ರಿ” ಅಂದೆ.

“ಗೊತ್ತೈತ್ರಿ ಮಾಸ್ತರ. ನಾಟಕ ಆದ್ರೇನು, ನ್ಯಾಯ ನ್ಯಾಯಾನ. ನೀವು ಸ್ವಲ್ಪ ಸುಮ್ಮನ ಕುಂದರ್ರಿ.”

ಅಣ್ಣನ ಪಾತ್ರದ ಕಿರಾಣಿ ಅಂಗಡಿಯವನು ತಾನು ಬಿಟ್ಟುಹೋದ ಹೊಲದ ಲೆಕ್ಕ ಕೇಳಿದ. ತಮ್ಮನ ಪಾತ್ರದವನು ಬೆಳಗಾವಿ ಕಡೆಯವ, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಅವನೂ ಬಿಡಲಿಲ್ಲ, “ಇಷ್ಟು ದಿನ ಮನಿ ಹೆಂಚು ಹಾಕಿಸಿದಂವ ನಾನು” ಅಂದ. ನಾನು ಬರೆಯದ ಮಾತುಗಳನ್ನು ಇಬ್ಬರೂ ಇಷ್ಟು ಚೆನ್ನಾಗಿ ಆಡಬಲ್ಲರೆಂದು ನನಗೆ ಅಂದೇ ತಿಳಿದದ್ದು. ಕೊನೆಗೆ ಹಿರಿಯರು ತೀರ್ಪು ಹೇಳಿದರು: ಮನೆಯ ಮುಂದಿನ ಖೋಲಿ ಅಣ್ಣನಿಗೆ, ಹಿಂದಿನದು ತಮ್ಮನಿಗೆ. ಜನ ಚಪ್ಪಾಳೆ ಹೊಡೆದು ಚಾಪೆ ಮಡಿಚಿದರು.

“ಮತ್ತ ಕಡೀ ಸೀನ್ ಐತ್ರಿ, ಬಾಗಲಾ ತೆಗಿಯೂದು” ಅಂದೆ, ನನ್ನ ದನಿ ನನಗೇ ಕೇಳದ ಹಾಗೆ.

“ಬಾಗಲಾ ಇಬ್ಬರಿಗೂ ಸೇರಿದ್ದು, ಸಾಮಾಯಿಕ” ಅಂದರು ಹಿರಿಯರು.

೫. ದಾಂಡೇಲಿ

ಈ ವರ್ಷ ಸಾಕು ಅಂತ ತೀರ್ಮಾನಿಸಿದ್ದೆ. ಕಣ್ಣು ಮೊದಲಿನಂತಿಲ್ಲ, ಸೂಜಿಗೆ ದಾರ ಪೋಣಿಸಲು ಹೆಂಡತಿ ಬೇಕು. ಸ್ವಂತ ಊರಲ್ಲಿ ಒಂದೇ ಒಂದು ಆಟ, ಕಡೇ ದೃಶ್ಯದ ತನಕ. ಆಮೇಲೆ ಬಾಗಿಲು ಬಚ್ಚಲಿಗೆ, ನಾನು ಮಷೀನಿಗೆ.

ಸುಟ್ಟುಕೊಂಡವನಂತೆ ಎಲ್ಲಕ್ಕೂ ಮುಂಜಾಗ್ರತೆ ವಹಿಸಿದೆ. ಸಂಜೆ ಬೆಳಕಿರುವಾಗಲೇ ಆಟ ಶುರು. ಆಹೇರಿ ಏನಿದ್ದರೂ ನಾಟಕ ಮುಗಿದ ಮೇಲೆ ಅಂತ ಮೈಕಿನಲ್ಲಿ ಹೇಳಿಸಿದೆ. ಜನರೇಟರ್ ತರಿಸಿದೆ. ಬಾಗಿಲಿನ ಒಂದು ಮೂಲೆಯ ಬಣ್ಣ ಕೆರೆದು ಪ್ಲೈವುಡ್ ಕಾಣುವಂತೆ ಬಿಟ್ಟೆ. ಫಿಟ್ಟರನಿಗೆ ಶಿಫ್ಟ್ ಬದಲಿಸಿಕೊಳ್ಳಲು ಹೇಳಿದೆ. ಕಿರಾಣಿ ಅಂಗಡಿಯವನು ಹೆಂಡತಿಯ ತಮ್ಮನ ಮದುವೆಗೆಂದು ಒಂದು ಪ್ಯಾಂಟು ಹೊಲಿಯಲು ಕೊಟ್ಟಿದ್ದ. ಈ ಗದ್ದಲದಲ್ಲಿ ಅದು ಹಾಗೇ ಉಳಿದಿತ್ತು. ತಾಲೀಮಿಗೆ ಬಂದಾಗೆಲ್ಲ ಕೇಳುತ್ತಿದ್ದ, ನಾನು ನಾಳೆ ಅನ್ನುತ್ತಿದ್ದೆ.

ಎಲ್ಲ ಸರಿಯಾಗಿ ಆಯಿತು. ಇದನ್ನು ಬರೆಯುವಾಗಲೂ ನಂಬಿಕೆ ಬರುವುದಿಲ್ಲ. ಜೈಲಿಗೆ ಯಾರೂ ಬರಲಿಲ್ಲ, ಗಾಳಿ ಏಳಲಿಲ್ಲ, ಊರ ಹಿರಿಯರು ಸ್ಟೇಜ್ ಹತ್ತಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಪಕ್ಕದಲ್ಲಿ ಅಜ್ಜಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಅಣ್ಣ ಬಂದು ಬಾಗಿಲು ಬಡಿದ. ಜನ ಉಸಿರು ಬಿಗಿಹಿಡಿದರು.

ಫಿಟ್ಟರ್ ಮಂಚದಿಂದ ಏಳಲಿಲ್ಲ. ಅವನು ಕುತ್ತಿಗೆ ಹೊರಳಿಸಿ ಪರದೆಯ ಹಿಂದಿದ್ದ ನನ್ನನ್ನು ನೋಡಿ ಪಿಸುಗುಟ್ಟಿದ: “ಮಾಸ್ತರ, ಮುಂದ ಏನ್ರಿ?”

“ಏನು ಅಂದ್ರ? ಕಡೀ ಸೀನ್! ಪಾಠ ಮಾಡಿಲ್ಲೇನು?”

“ಇಷ್ಟು ವರ್ಷ ಒಮ್ಮಿನೂ ಬರಲಿಲ್ಲಲ್ರಿ ಅದು. ಇವತ್ತ ಬರ್ತೈತಿ ಅಂತ ಯಾರಿಗೆ ಗೊತ್ತಿತ್ರಿ?”

ತಾಲೀಮಿನಲ್ಲಿ ಅದನ್ನು ಪ್ರತಿ ಸಲ ನಾನೇ ಅಭಿನಯಿಸಿ ತೋರಿಸುತ್ತಿದ್ದೆ, ಅವರು ತಲೆ ಅಲ್ಲಾಡಿಸುತ್ತಿದ್ದರು. ತಲೆ ಅಲ್ಲಾಡಿಸಿದ್ದೇ ಪಾಠ ಅಂತ ನಾನು ತಿಳಿದಿದ್ದೆ. ಈಗ “ಏಳು, ಏಳು” ಅಂದೆ. ಅವನು ದಿಂಬು ಅಪ್ಪಿಕೊಂಡು ಇನ್ನಷ್ಟು ಗಟ್ಟಿಯಾಗಿ ಕೂತ. ಅಣ್ಣ ಮತ್ತೆ ಬಡಿದ. ಮತ್ತೆ ಮತ್ತೆ ಬಡಿದ. ಅವನಿಗೂ ಬಡಿಯುವುದು ಬಿಟ್ಟು ಮುಂದಿನದು ಗೊತ್ತಿಲ್ಲ ಅಂತ ನನಗೆ ಆಗ ಹೊಳೆಯಿತು. ಅಜ್ಜಿ ಕೂತಲ್ಲಿಂದಲೇ “ತೆಗೀರಪಾ ಯಾರಾರ!” ಅಂದಳು.

ಕಡೇ ದೃಶ್ಯದ ಮಾತು ಇಡೀ ಲೋಕದಲ್ಲಿ ನನಗೊಬ್ಬನಿಗೇ ಬಾಯಿಪಾಠ ಬರುತ್ತದೆ. ನಾನೇ ಆಡುತ್ತೇನೆ ಅಂದುಕೊಂಡೆ. ಕೊರಳಲ್ಲಿ ಅಳತೆಯ ಟೇಪು ಇತ್ತು, ಅದು ಅಲ್ಲಿದೆ ಅಂತ ನನಗೆ ಎಂದೂ ನೆನಪಿರುವುದಿಲ್ಲ. ಹಾಗೇ ಸ್ಟೇಜಿನ ಮೇಲೆ ಹೋದೆ, ಮಂಚ ದಾಟಿದೆ, ಚಿಲಕ ಹಿಡಿದೆ. ಇಷ್ಟು ವರ್ಷದ ಬಾಗಿಲು. ತೆಗೆದೆ.

ಹೊರಗೆ ಅಣ್ಣ ನಿಂತಿದ್ದ. ತಮ್ಮ ಇರಬೇಕಾದ ಕಡೆ, ಕೊರಳಿಗೆ ಟೇಪು ಹಾಕಿಕೊಂಡು ನಾನು. ಅವನ ಬಾಯಲ್ಲಿ ಮಾತೇ ಇರಲಿಲ್ಲ, ಆದರೂ ಏನಾದರೂ ಅನ್ನಬೇಕಲ್ಲ. ನನ್ನ ಮುಖ ಕಂಡರೆ ದಿನವೂ ಬಾಯಿಗೆ ಬರುವುದು ಯಾವುದೋ ಅದೇ ಬಂತು.

“ಮಾಸ್ತರ, ಪ್ಯಾಂಟು ಆತೇನ್ರಿ?”

ನಾನು ಮಾತು ಮರೆಯಲಿಲ್ಲ, ದೇವರಾಣೆ. “ಅಣ್ಣಾ, ಈ ಬಾಗಿಲು ನಿನ್ನದೇ” ಅಂತ ಶುರುವಾಗಬೇಕು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬೇಸಿಗೆಯ ದಣಿವು ದೊಡ್ಡದು.

“ನಾಳೆ ಬಾ” ಅಂದು ಬಾಗಿಲು ಹಾಕಿದೆ.

ಪರದೆ ಎಳೆಯುವವನು ಇದೇ ಮುಗಿತಾಯ ಅಂದುಕೊಂಡು ಪರದೆ ಎಳೆದ. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲಿಲ್ಲ. ಕೂತವರಲ್ಲಿ ಅರ್ಧ ಜನ ನನ್ನ ಅಂಗಡಿಯ ಬಾಗಿಲಲ್ಲಿ ಆ ಮಾತು ಕೇಳಿಸಿಕೊಂಡು ವಾಪಸ್ ಹೋದವರೇ. ನಾನು ಮಂಚದ ಮೇಲೆ ಫಿಟ್ಟರನ ಪಕ್ಕ ಕೂತು ಅತ್ತೆ. ಅವನು ದಿಂಬು ಕೊಟ್ಟ.

ಜನ ಕರಗಿದ ಮೇಲೆ ಹೆಂಡತಿ ಸ್ಟೇಜ್ ಹತ್ತಿ ಬಂದು, ನನ್ನನ್ನು ಬಿಟ್ಟು ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆಯತೊಡಗಿದಳು. ಅವಳ ಹಿಂದೆ ಅಜ್ಜಿ ಮೆಟ್ಟಿಲು ಹಿಡಿದು ನಿಧಾನವಾಗಿ ಹತ್ತಿದಳು. ಮುಖದಲ್ಲಿ ಅಷ್ಟು ಸಂತೋಷ ನಾನು ಎಂದೂ ಕಂಡಿರಲಿಲ್ಲ.

“ಅಂತೂ ತೆಗದ್ರಲ್ಲಪಾ ಬಾಗಲಾ! ನಾಳೆ ಬಾ ಅಂತನೂ ಅಂದ್ರಿ. ಹಂಗಾರ ಮುಂದಿಂದು ನೋಡಾಕ ನಾಳೆ ಎಷ್ಟೊತ್ತಿಗೆ ಬರ್ಲಿ?”

ಹೆಂಡತಿಯ ಗೇಣು ಅರ್ಧಕ್ಕೇ ನಿಂತಿತು. ನಮ್ಮ ಬಚ್ಚಲಿಗೆ ಈಗಲೂ ಪರದೆಯೇ.