ಸಂಘದ ಕೊನೆಯ ಸಾಮಾನ್ಯ ಸದಸ್ಯೆ

ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿಗಳಿದ್ದವು. ಹದಿನಾಲ್ಕರಲ್ಲೂ ಜನ ಕೂತಿದ್ದರು; ಹದಿನಾಲ್ವರ ಎದೆಯ ಮೇಲೂ ಹಳದಿ ರಿಬ್ಬನ್ನಿನ ಬ್ಯಾಜಿತ್ತು. ಕೆಳಗೆ ಕೂತವಳು ನಾನೊಬ್ಬಳೇ. ನನ್ನ ಅಕ್ಕಪಕ್ಕದ ಖಾಲಿ ಕುರ್ಚಿಗಳತ್ತ ಕೈ ಬೀಸಿ ಅಧ್ಯಕ್ಷರು, ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದಕ್ಕೆ ಧನ್ಯವಾದ ಹೇಳಿದರು. ನಾನು ಹಿಂದೆ ತಿರುಗಿ ನೋಡಿದೆ. ಮೈಕಿನವನು ನಿದ್ದೆ ಮಾಡುತ್ತಿದ್ದ.

ಇದು ಬೀದರಿನಲ್ಲಿ ನಡೆದ ನಮ್ಮ ಅತಿಥಿ ಉಪನ್ಯಾಸಕರ ಸಂಘದ ಸರ್ವಸದಸ್ಯರ ಸಭೆ. ಮೊದಲು ನಾವೆಲ್ಲ ಸಾಮಾನ್ಯ ಸದಸ್ಯರೇ ಆಗಿದ್ದೆವು. ಪದಾಧಿಕಾರಿಗಳೆಲ್ಲ ಬೀದರಿನವರೇ ಆದರೆಂದು ಭಾಲ್ಕಿ ತಾಲೂಕಿನವರು ಮುನಿಸಿಕೊಂಡರು, ಅವರಲ್ಲೊಬ್ಬರು ಕಾರ್ಯಾಧ್ಯಕ್ಷರಾದರು. ಭಾಲ್ಕಿಗೆ ಕೊಟ್ಟು ಔರಾದಕ್ಕೆ ಯಾಕಿಲ್ಲ ಎಂಬ ಪ್ರಶ್ನೆ ಎದ್ದಿತು. ಉಪಾಧ್ಯಕ್ಷ ಸ್ಥಾನ ಹುಟ್ಟಿತು. ಭಾತಂಬ್ರಾದವರೊಬ್ಬರು ರಾಜೀನಾಮೆ ಕೊಡುತ್ತೇನೆಂದರು. ಯಾವ ಹುದ್ದೆಗೆ ಎಂದು ಕೇಳಿದರೆ, ಅದಕ್ಕೇ ಮೊದಲು ಒಂದು ಹುದ್ದೆ ಕೊಡಿ ಎಂದರಂತೆ. ಹೀಗೆ ಸಂಘದಲ್ಲಿ ಯಾರ ಸಿಟ್ಟೂ ವ್ಯರ್ಥವಾಗಲಿಲ್ಲ. ನನಗೆ ಸಿಟ್ಟು ಬಂದರೆ ಮನೆಗೆ ಹೋಗಿ ರೊಟ್ಟಿ ಜೋರಾಗಿ ಬಡಿಯುತ್ತೇನೆ; ಅದರಿಂದ ಹುದ್ದೆ ಸಿಗುವುದಿಲ್ಲ. ಆದರೂ ಗಣಿತ ಕಲಿಸುವವಳಾದ್ದರಿಂದ ನನ್ನ ಮಹತ್ವ ನನಗೆ ಗೊತ್ತಿತ್ತು. ನಾಯಕರನ್ನು ಸದಸ್ಯರಿಂದ ಭಾಗಿಸಿದರೆ ಕೆಳಗಿರುವುದು ನಾನೊಬ್ಬಳು. ನಾನೂ ಮೇಲೆ ಹತ್ತಿದರೆ ಛೇದದಲ್ಲಿ ಸೊನ್ನೆ ಉಳಿಯುತ್ತದೆ. ಆ ಲೆಕ್ಕ ಯಾರಿಂದಲೂ ಆಗದು.

ಅಷ್ಟಕ್ಕೂ ನನಗೆ ಬೇಕಾಗಿದ್ದದ್ದು ಒಂದು ಚಿಲಕ. ಔರಾದ ದಾರಿಯಲ್ಲಿರುವ ನಮ್ಮ ಕಾಲೇಜಿನ ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಗ್ರಂಥಾಲಯ ನೋಡಿಕೊಳ್ಳುವ, ನಮ್ಮ ಸಂಘದವಳಲ್ಲದ ಸುವರ್ಣಾ ಮತ್ತು ನಾನು ಸರದಿಯ ಮೇಲೆ ಕಾವಲು ನಿಲ್ಲುತ್ತೇವೆ: ಒಬ್ಬರು ಒಳಗೆ, ಒಬ್ಬರು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು. ಸುವರ್ಣಾ ರಜೆ ಹಾಕಿದ ದಿನ ನಾನು ನೀರು ಕುಡಿಯುವುದಿಲ್ಲ. ಪ್ರಾಂಶುಪಾಲರನ್ನು ಕೇಳಿದರೆ ಸಂಘದ ಮೂಲಕ ಬನ್ನಿ ಎಂದರು. ಸಂಘಕ್ಕೆ ಚಿಲಕವೆಂದು ಹೇಳಲು ನಾಚಿಕೆಯಾಗಿ 'ಮೂಲಭೂತ ಸೌಕರ್ಯ' ಎಂದೆ. ಅಧ್ಯಕ್ಷರು ಅದೇ ವಿಷಯದ ಮೇಲೆ ಭಾಲ್ಕಿಯಲ್ಲಿ ಭಾಷಣ ಮಾಡಿದರು. ಅದರಲ್ಲಿ ರಸ್ತೆ ಬಂತು, ರೈಲು ಬಂತು, ವಿಮಾನವೂ ಬಂತು. ಚಿಲಕ ಮಾತ್ರ ಬರಲಿಲ್ಲ.

ಈ ಸಭೆಯಲ್ಲಿ ಅಧ್ಯಕ್ಷರ ಮರು ಆಯ್ಕೆಯಾಗಬೇಕಿತ್ತು. ಸಾಮಾನ್ಯ ಸದಸ್ಯರು ಕೈ ಎತ್ತಿ ಒಪ್ಪಬೇಕೆಂಬುದು ನಿಯಮ. ಹದಿನಾಲ್ಕು ಜೋಡಿ ಕಣ್ಣುಗಳು ನನ್ನ ಕೈಯನ್ನೇ ನೋಡತೊಡಗಿದವು. ಅದು ಮಡಿಲಲ್ಲೇ ಇತ್ತು. ಇಷ್ಟು ದಿನ ಹಾಜರಿ ಹಾಕಲು, ಬಸ್ಸಿನ ಸರಳು ಹಿಡಿಯಲು ಮಾತ್ರ ಉಪಯೋಗಕ್ಕೆ ಬರುತ್ತಿದ್ದ ಕೈಗೆ ಒಮ್ಮೆಲೇ ಬೆಲೆ ಬಂದಿತ್ತು. ನನಗಾದದ್ದು ಹೆದರಿಕೆಯೋ ಖುಷಿಯೋ ತಿಳಿಯಲಿಲ್ಲ.

"ಮೇಡಮೋರೆ, ಕೈಗೇನರ ನೋವದ ಏನ್ರಿ?" ಎಂದರು ಅಧ್ಯಕ್ಷರು.

"ಇಲ್ರಿ. ನಮಗೊಂದು ಚಿಲಕ ಬೇಕಾಗ್ಯದ."

"ಎಲ್ಲೀ ಚಿಲಕ್ರಿ?"

"ಹೆಣ್ಮಕ್ಕಳ ಬಾತ್‌ರೂಮಿಂದು. ಅದು ಕೂಡೋ ತನಕ ಕೈ ಏಳಂಗಿಲ್ರಿ."

ಮೈಕಿನವನು ಎದ್ದು ಕೂತ. ವೇದಿಕೆಯ ಮೇಲೆ ಗದ್ದಲವೆದ್ದಿತು. ಒಂದು ಚಿಲಕ ಕೂಡಿಸಲಾಗದವರು ಅಧ್ಯಕ್ಷರು ಹೇಗಾದರು ಎಂದು ಭಾಲ್ಕಿಯ ಕಾರ್ಯಾಧ್ಯಕ್ಷರು ಕೇಳಿದರು. ಕಾಲೇಜು ತಮ್ಮ ತಾಲೂಕಿನದು, ಆದ್ದರಿಂದ ಚಿಲಕವೂ ತಮ್ಮದೇ ಎಂದು ಔರಾದದ ಉಪಾಧ್ಯಕ್ಷರು ಎದ್ದು ನಿಂತರು. ಉದ್ಘಾಟನೆ ಯಾರ ಕೈಯಿಂದ ಎಂಬಲ್ಲಿಗೆ ಮಾತು ಮುಟ್ಟಿತು. ನಾನು ಗೆದ್ದೆನೆಂದೇ ತಿಳಿದೆ. ಆಗ ಅಧ್ಯಕ್ಷರು ಮೆಲ್ಲಗೆ ಮೈಕು ಹಿಡಿದರು.

"ಇದು ಸಣ್ಣ ವಿಷಯ ಅಲ್ರಿ. ಇದಕ್ಕೊಂದು ಚಿಲಕ ಸಮಿತಿ ಮಾಡೋಣ. ಮೇಡಮೋರೇ ಅದರ ಸಂಚಾಲಕಿ. ಬರ್ರಿ ಮ್ಯಾಲ."

ಬೇಡವೆನ್ನಲು ಎದ್ದೆ, ಖಂಡಿತ ಅದಕ್ಕೇ ಎದ್ದೆ. ಆದರೆ ಎದ್ದ ಕಾಲುಗಳು ಮೆಟ್ಟಿಲು ಹತ್ತಿದವು. ಹದಿನೈದನೆಯ ಕುರ್ಚಿ ಬಂತು, ಬ್ಯಾಜು ಬಂತು. ಮೇಲಿನಿಂದ ನೋಡಿದರೆ ಪೆಂಡಾಲು ನಿಜಕ್ಕೂ ತುಂಬಿದಂತೆಯೇ ಕಾಣುತ್ತಿತ್ತು. ಮರು ಆಯ್ಕೆಗೆ ವಿರೋಧವಿರುವ ಸಾಮಾನ್ಯ ಸದಸ್ಯರು ಕೈ ಎತ್ತಬೇಕೆಂದು ಅಧ್ಯಕ್ಷರು ಕೇಳಿದರು. ಕೆಳಗೆ ಒಂದು ಕೈಯೂ ಏಳಲಿಲ್ಲ. ಸರ್ವಾನುಮತ.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಕಾಲೇಜಿನೊಳಗೆ ಕಾಲಿಡುತ್ತಲೇ ಸುವರ್ಣಾ, "ಚಿಲಕ ಏನಾತಬೇ?" ಎಂದಳು.

"ಸಮಿತಿ ಆಗ್ಯದ. ಪ್ರಯತ್ನದಾಗ ಅದ," ಎಂದೆ. ಮಾತು ಅಧ್ಯಕ್ಷರದ್ದು; ದನಿ ಮಾತ್ರ ನನ್ನದೇ ಆಗಿತ್ತು.

ಸುವರ್ಣಾ ನನ್ನ ಎದೆಯ ಮೇಲಿನ ಹಳದಿ ರಿಬ್ಬನ್ನನ್ನು ಒಮ್ಮೆ ನೋಡಿದಳು. ತನ್ನ ಚೀಲ ನನ್ನ ಕೈಗೆ ಕೊಟ್ಟು ಶೌಚಾಲಯದೊಳಗೆ ಹೋದಳು. ನಾನು ಬ್ಯಾಜು ನೆಟ್ಟಗೆ ಮಾಡಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.